ಏಕಾಂಗಿ ಓಟದ ಬೈಸಿಕಲ್ಲು, ಗುಂಪಿನ ಸವಾರಿ

ಬೈಸಿಕಲ್ಲು ನಮ್ಮ ಗಡಿನಾಡಿನ ಮನೆಗಳಿಗೆ ಹೊಸ ವಸ್ತುವಲ್ಲ. ಹಾಲಿನ ಕ್ಯಾನು, ಅಂಚೆಯ ಚೀಲ, ಹುಲ್ಲಿನ ಹೊರೆ, ಶಾಲೆಗೆ ಹೋಗುವ ಮಕ್ಕಳು – ಎಲ್ಲವನ್ನೂ ಅದು ದಶಕಗಳಿಂದ ಹೊತ್ತಿದೆ. ಆದರೆ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ತರುಣ ತರುಣಿಯರಲ್ಲಿ ಕೆಲವರು ಇಂದು ಏರುತ್ತಿರುವ ಬೈಸಿಕಲ್ಲಿನ ಬಗೆಯೇ ಬೇರೆ. ಅದರ ಹೆಸರು ಟ್ರಯಥ್ಲಾನ್ ಬೈಸಿಕಲ್ಲು. ಅದನ್ನೇ ಏರಿ ಭಾನುವಾರದ ನಸುಕಿನಲ್ಲಿ ಗೆಳೆಯರ ಗುಂಪಿನೊಡನೆ ನೂರಿನ್ನೂರು ಕಿಲೋಮೀಟರು ಹೋಗಿಬರುವವರೂ ಇದ್ದಾರೆ. ಇದರಲ್ಲಿ ಅಡಗಿರುವ ಅಪಾಯವನ್ನು ಸವಾರರಷ್ಟೇ ಅಲ್ಲದೆ ಮನೆಯ ಹಿರಿಯರೂ ಅರಿತಿರುವುದು ಒಳ್ಳೆಯದು.

ಮೂರು ಸ್ಪರ್ಧೆಗಳ ಸಂಗಮ

ಈಜು, ಬೈಸಿಕಲ್ ಸವಾರಿ, ಓಟ – ಈ ಮೂರನ್ನೂ ಎಡೆಬಿಡದೆ ಒಂದರ ಹಿಂದೊಂದು ಮುಗಿಸುವುದೇ ಟ್ರಯಥ್ಲಾನ್. ಈ ಹೆಸರಿನ ಆಧುನಿಕ ಸ್ಪರ್ಧೆ 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಜರುಗಿತು. 1978ರಲ್ಲಿ ಹವಾಯಿಯಲ್ಲಿ ‘ಐರನ್‌ಮ್ಯಾನ್’ ಆರಂಭವಾಯಿತು: 3.8 ಕಿ.ಮೀ. ಈಜು, 180 ಕಿ.ಮೀ. ಸವಾರಿ, 42.2 ಕಿ.ಮೀ. ಓಟ. ಅಂದು ಹೊರಟವರು 15 ಮಂದಿ. ಗುರಿ ಮುಟ್ಟಿದವರು 12. ಇದರ ಅರ್ಧದಳತೆಯ ಸ್ಪರ್ಧೆ 2019ರಲ್ಲಿ ಗೋವೆಗೂ ಬಂದಿತು.

ಗಾಳಿಯೊಡನೆ ಹೋರಾಟ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಮೀರಿದರೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಟ್ರಯಥ್ಲಾನ್ ಬೈಸಿಕಲ್ಲಿನ ರಚನೆಯೆಲ್ಲ ಈ ತಡೆಯನ್ನು ತಗ್ಗಿಸುವುದಕ್ಕಾಗಿಯೇ ಇದೆ. ಹ್ಯಾಂಡಲಿನ ನಡುವಿನಿಂದ ಎರಡು ಕಂಬಿಗಳು ಮುಂದಕ್ಕೆ ಚಾಚಿರುತ್ತವೆ. ಸವಾರನು ಮೊಣಕೈಗಳನ್ನು ಮೆತ್ತೆಗಳ ಮೇಲೂರಿ, ಬೆನ್ನು ಬಾಗಿಸಿ, ತೋಳುಗಳನ್ನು ಹತ್ತಿರಕ್ಕೆ ತಂದು ಗಾಳಿಗೆ ಕಿರಿದಾಗುತ್ತಾನೆ. ಗೇರು ಬದಲಿಸುವ ಸಾಧನ ಸಾಮಾನ್ಯವಾಗಿ ಈ ಕಂಬಿಗಳ ತುದಿಯಲ್ಲಿರುತ್ತದೆ. ಬ್ರೇಕು ಮಾತ್ರ ಹೊರಗಿನ ಅಗಲವಾದ ಹ್ಯಾಂಡಲಿನ ತುದಿಯಲ್ಲಿರುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಇಂತಹ ಕಂಬಿಗಳ ಮಹಿಮೆ ಲೋಕಪ್ರಸಿದ್ಧವಾದದ್ದು 1989ರ ಟೂರ್ ದ ಫ್ರಾನ್ಸ್ ಪಂದ್ಯದ ಕೊನೆಯ ದಿನ. ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ದೂರವನ್ನು ಅಂದು ಒಬ್ಬೊಬ್ಬರೇ ಕ್ರಮಿಸಬೇಕಿತ್ತು. 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಈ ಕಂಬಿಗಳನ್ನು ಹಿಡಿದು ಸಾಗಿ, ಇಡೀ ಪಂದ್ಯವನ್ನು ಕೇವಲ 8 ಸೆಕೆಂಡುಗಳಿಂದ ಗೆದ್ದನು. ಆ ಹೊತ್ತು ಅವನ ಸಮೀಪದಲ್ಲಿ ಮತ್ತೊಬ್ಬ ಸವಾರನ ಚಕ್ರವಿರಲಿಲ್ಲವೆಂಬುದನ್ನು ಮರೆಯಲಾಗದು.

ಗುಂಪಿನ ಧರ್ಮ

ಗುಂಪಿನ ಸವಾರಿಯಲ್ಲಿ ಗಾಳಿಯನ್ನು ಗೆಲ್ಲುವುದು ಪರಸ್ಪರ ಸಹಕಾರದಿಂದ. ಮುಂದಿನವನು ಗಾಳಿಗೆ ಎದೆಯೊಡ್ಡುತ್ತಾನೆ. ಹಿಂದಿನವರು ಅವನ ಮರೆಯಲ್ಲಿ ಸಾಗುತ್ತಾರೆ. ಸರದಿಯಂತೆ ಸ್ಥಾನ ಬದಲಾಗುತ್ತದೆ. ಮರೆಯಲ್ಲಿರುವವನಿಗೆ ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಆದರೆ ಆ ಲಾಭ ಚೆನ್ನಾಗಿ ದೊರೆಯಬೇಕಾದರೆ ಚಕ್ರ ಚಕ್ರಗಳ ನಡುವಿನ ಅಂತರ ಒಂದು ಮೀಟರಿನ ಆಸುಪಾಸಿನಲ್ಲಿರಬೇಕು.

ಇಲ್ಲೊಂದು ಸರಳ ಲೆಕ್ಕ. ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 8.3 ಮೀಟರು. ಮುಂದಿನವನು ಹೊಂಡವೊಂದನ್ನು ಕಂಡು ಥಟ್ಟನೆ ಬ್ರೇಕು ಹಿಡಿದನೆನ್ನೋಣ. ಮೊಣಕೈಯೂರಿದವನು ಕೈ ತೆಗೆದು ಬ್ರೇಕಿಗೆ ತರುವುದಕ್ಕೆ ಒಂದೇ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಎಂಟು ಮೀಟರು ಸಾಗಿರುತ್ತಾನೆ. ಇದ್ದ ಅಂತರವೋ ಒಂದೇ ಮೀಟರು! ಅವನ ಮುಂಗಾಲಿ ಎದುರಿನವನ ಹಿಂಗಾಲಿಗೆ ತಾಕಿತೆಂದರೆ ಬೀಳುವವನು ಸಾಮಾನ್ಯವಾಗಿ ಹಿಂದಿನವನೇ. ಅವನ ಮೇಲೆ ಅವನ ಬೆನ್ನಿಗಿದ್ದವರು. ಕೊರಳೆಲುಬು ಮುರಿಯುವುದು ಇಂತಹ ಪತನಗಳಲ್ಲಿ ಅಪರೂಪವಲ್ಲ. ಸಾಲದುದಕ್ಕೆ, ಕೈಗಳು ಒತ್ತೊತ್ತಾಗಿರುವಾಗ ಹ್ಯಾಂಡಲಿನ ಮೇಲೆ ಹಿಡಿತ ಕಡಿಮೆ. ಹೆದ್ದಾರಿಯ ಲಾರಿಯೊಂದು ಪಕ್ಕದಲ್ಲಿ ಹಾದ ಗಾಳಿಗೂ ಬೈಸಿಕಲ್ಲು ಓಲಾಡುತ್ತದೆ.

ಕ್ರೀಡೆಯೇ ಎಳೆದ ಗೆರೆ

ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಈ ಕಂಬಿಗಳಿಗೆ ಅವಕಾಶವುಂಟು. ಆದರೆ ಹವ್ಯಾಸಿ ಸ್ಪರ್ಧಿಗಳು ಸವಾರಿಯಲ್ಲಿ 12 ಮೀಟರುಗಳ ಅಂತರವನ್ನು ಕಾಯ್ದುಕೊಳ್ಳಬೇಕು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನ್ ಮೊದಲ ಬಾರಿಗೆ ಸೇರಿತು. ಒಲಿಂಪಿಕ್ಸಿನಲ್ಲಿ ಗುಂಪುಗೂಡಿ ಸಾಗಲು ಅನುಮತಿಯಿರುವುದರಿಂದ ಕೆಳಕ್ಕೆ ಬಾಗಿದ ರೇಸಿಂಗ್ ಹ್ಯಾಂಡಲೇ ಕಡ್ಡಾಯ. ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ಪಂದ್ಯಗಳಲ್ಲಿಯೂ ಮುಂಚಾಚಿದ ಕಂಬಿಗಳು ನಿಷಿದ್ಧ. ಗುಂಪಿದ್ದಲ್ಲಿ ಕಂಬಿಯಿಲ್ಲ; ಕಂಬಿಯಿದ್ದಲ್ಲಿ ಗುಂಪಿಲ್ಲ. ಬಲ್ಲವರು ಎಳೆದ ಈ ಗೆರೆಯನ್ನು ಭಾನುವಾರದ ಸವಾರರೂ ಗೌರವಿಸಬೇಕು.

ಪಾಲಿಸಬೇಕಾದ ಶಿಸ್ತು

ಎರಡು ಬೈಸಿಕಲ್ಲು ಕೊಳ್ಳುವ ಅನುಕೂಲ ಎಲ್ಲರಿಗೂ ಇರದು. ಅಂಥವರು ಗುಂಪನ್ನು ತೊರೆಯಬೇಕಾಗಿಲ್ಲ. ಗುಂಪಿನೊಳಗೆ ಇರುವಷ್ಟು ಹೊತ್ತೂ ಕೈಗಳು ಹೊರಗಿನ ಹ್ಯಾಂಡಲಿನಲ್ಲಿ, ಬೆರಳುಗಳು ಬ್ರೇಕಿನ ಮೇಲೆ ಇರಲಿ. ಮೊಣಕೈಯೂರುವ ಆಸೆಯಾದರೆ ಹೇಳಿ ಹಿಂದುಳಿದು, ಹತ್ತಿಪ್ಪತ್ತು ಮೀಟರುಗಳ ಅಂತರದಲ್ಲಿ ಒಬ್ಬರೇ ಸಾಗಲಿ. ಮುಂದಿನವನ ಹಿಂಗಾಲಿಯ ಪಕ್ಕಕ್ಕೆ ತಮ್ಮ ಮುಂಗಾಲಿಯನ್ನು ಎಂದೂ ತರದಿರಲಿ. ಹೊಂಡ, ಜಲ್ಲಿ, ನಾಯಿಗಳನ್ನು ಕಂಡಾಗ ಗಟ್ಟಿಯಾಗಿ ಕೂಗಿ ಹಿಂದಿನವರಿಗೆ ತಿಳಿಸಲಿ. ದಿಂಬಂ ಘಾಟಿಯ 27 ತಿರುವುಗಳಲ್ಲಾಗಲಿ, ನೀಲಗಿರಿಯ ಕಲ್ಹಟ್ಟಿಯ 36 ತಿರುವುಗಳಲ್ಲಾಗಲಿ ಇಳಿಯುವಾಗ ಕಂಬಿಯ ಗೊಡವೆಯೇ ಬೇಡ.

ದೂರದ ಸವಾರಿಗೆ ಅತಿವೇಗವೇನೂ ಅನಿವಾರ್ಯವಲ್ಲ. ‘ಬ್ರೆವೆ’ ಎಂಬ ದೀರ್ಘ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷಗಳ ಕಾಲಾವಕಾಶವಿದೆ. ಊಟ ವಿಶ್ರಾಂತಿಗಳೂ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಸಾಕು. ನಿಜವಾದ ಪರೀಕ್ಷೆ ನಡೆಯುವುದು ಕೊನೆಯ ಐವತ್ತು ಕಿಲೋಮೀಟರುಗಳಲ್ಲಿ. ಕತ್ತು ಸೋತು, ಕಣ್ಣು ಮಂಕಾಗಿ, ಎಚ್ಚರ ತಪ್ಪುವುದು ಆಗಲೇ.

ಹೊರಡುವ ಮಕ್ಕಳನ್ನು ತಡೆಯುವುದು ಹಿರಿಯರಿಗೆ ತರವಲ್ಲ. ಮೈಮನಸ್ಸುಗಳನ್ನು ಹುರಿಗೊಳಿಸುವ ಹವ್ಯಾಸವಿದು. ಹೆಲ್ಮೆಟ್ಟು ತೊಟ್ಟೆಯಾ ಎಂದು ಕೇಳುವ ತಾಯಿತಂದೆಯರು ಮತ್ತೊಂದು ಪ್ರಶ್ನೆಯನ್ನೂ ಕೇಳಲಿ: “ಗುಂಪಿನಲ್ಲಿರುವಾಗ ನಿನ್ನ ಕೈ ಬ್ರೇಕಿನ ಮೇಲೆ ಇರುತ್ತದೆ ತಾನೆ?”