ಬೆಲೆಯೊಂದು, ಮಾತೆರಡು

ಪಾಂಡವಪುರದ ಕಡೆಯ ಹುಡುಗನೊಬ್ಬ ಒಮ್ಮೆ ತಾನು ಇಂಗ್ಲಿಷಿನಲ್ಲಿ ಬರೆದ ಒಂದು ಪುಟವನ್ನು ತಂದು ನನ್ನ ಮುಂದಿಟ್ಟ. ವಿಷಯ, ಅವರ ಮನೆಯ ಕಬ್ಬಿನ ಗದ್ದೆ. ಅಕ್ಷರ ದುಂಡಾಗಿತ್ತು; ವ್ಯಾಕರಣದಲ್ಲಿ ಎತ್ತಿ ಹೇಳುವಂಥ ತಪ್ಪಿರಲಿಲ್ಲ. ನಡುವಿನ ಒಂದು ವಾಕ್ಯದ ತಾತ್ಪರ್ಯ ಮಾತ್ರ ಹೀಗಿತ್ತು: ಈ ವರುಷ ಕಬ್ಬಿನ ‘ಕಾಸ್ಟ್’ ಏರಿತು, ಅದರಿಂದ ನಮ್ಮ ತಂದೆಗೆ ಸಂತೋಷವಾಯಿತು.

“ಇಲ್ಲಿ ‘ಪ್ರೈಸ್’ ಎಂದಿರಬೇಕಪ್ಪ” ಎಂದೆ.

“ನಿಘಂಟಿನಲ್ಲಿ ಎರಡಕ್ಕೂ ಬೆಲೆ ಅಂತಲೇ ಇದೆಯಲ್ಲ, ಸಾರ್?” ಎಂದ.

ಹುಡುಗನ ಪ್ರಶ್ನೆ ನ್ಯಾಯವಾದುದೇ. ನಾನು ಇಂಗ್ಲಿಷನ್ನು ಬದಿಗಿಟ್ಟು ಕೇಳಿದೆ: “ಬಿತ್ತನೆ ಕಬ್ಬು, ಗೊಬ್ಬರ, ಕಡಿಯುವ ಆಳುಗಳ ಕೂಲಿ ಎಂದು ನಿಮ್ಮ ತಂದೆಯವರ ಕೈಯಿಂದ ಹೋಗುವ ಹಣಕ್ಕೆ ಮನೆಯಲ್ಲಿ ಏನೆನ್ನುತ್ತೀರಿ?”

“ಖರ್ಚು.”

“ಕಾರ್ಖಾನೆಯವರು ಟನ್ನಿಗೆ ಇಷ್ಟು ಎಂದು ಕೊಡುವುದಕ್ಕೆ?”

“ರೇಟು.”

“ಹಾಗಾದರೆ, ಖರ್ಚು ಹೆಚ್ಚಾಯಿತು, ಅಪ್ಪನಿಗೆ ಸಂತೋಷವಾಯಿತು ಎಂದು ಬರೆದಿದ್ದೀಯೆ.”

ಹುಡುಗ ನಕ್ಕುಬಿಟ್ಟ. ಭೇದವನ್ನು ನಾನು ಅವನಿಗೆ ಕಲಿಸಲಿಲ್ಲ. ಅದು ಮೊದಲೇ ಅವನಲ್ಲಿತ್ತು. ಖರ್ಚಿಗೂ ರೇಟಿಗೂ ವ್ಯತ್ಯಾಸವರಿಯದ ಮಗು ಒಕ್ಕಲುಮನೆಯಲ್ಲಿ ಹುಟ್ಟುವುದಿಲ್ಲ. ಆ ತಿಳಿವಳಿಕೆಯನ್ನು ಮರೆಮಾಡಿದ್ದು ನಿಘಂಟಿನ ಒಂದೇ ಒಂದು ಪದ.

ಸಮಾನಾರ್ಥದ ಇಂಗ್ಲಿಷ್ ಮಾತುಗಳ ಆಯ್ಕೆಯಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ಪದಕ್ಕೆ ಪದವನ್ನು ಹುಡುಕುತ್ತಾರೆ. ಸಂದರ್ಭಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆಂದು ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಇನ್ನೂ ಒಂದು ಸೂಕ್ಷ್ಮ ಹೊಳೆಯುತ್ತದೆ. ರೈತನಿಗೆ ‘ಪ್ರೈಸ್’ ಆಗಿ ಬರುವ ಹಣವೇ ಕಾರ್ಖಾನೆಯ ಲೆಕ್ಕದಲ್ಲಿ ‘ಕಾಸ್ಟ್’ ಆಗುತ್ತದೆ. ಹಣ ಒಂದೇ, ನಿಂತು ನೋಡುವ ಕಡೆ ಬೇರೆ. ಮಾತು ಆಡುವವನು ಯಾವ ಪಕ್ಷದಲ್ಲಿದ್ದಾನೆಂಬುದನ್ನು ಅದು ಬಯಲುಮಾಡುತ್ತದೆ.

ಇದು ಪಾಠಶಾಲೆಯ ಚರ್ಚೆ ಮಾತ್ರವಲ್ಲ. ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ದರಕ್ಕೆ ಮೊದಲು ಶಾಸನಬದ್ಧ ‘ಮಿನಿಮಮ್’ ಬೆಲೆಯೆಂಬ ಹೆಸರಿತ್ತು. 2009ರಲ್ಲಿ ಅದರ ಬದಲು ‘ಫೇರ್ ಅಂಡ್ ರೆಮ್ಯುನರೇಟಿವ್’ ಬೆಲೆ ಬಂತು. ಕನಿಷ್ಠ ಎಂಬ ಮಾತು ಹೋಗಿ, ನ್ಯಾಯಯುತ, ಲಾಭದಾಯಕ ಎಂಬ ಎರಡು ಮಾತುಗಳು ಬಂದವು. ಉತ್ಪಾದನೆಯ ವೆಚ್ಚದ ಜೊತೆಗೆ ರೈತನ ನಷ್ಟಭಯಕ್ಕೂ ಲಾಭಕ್ಕೂ ಒಂದಿಷ್ಟು ಅಂತರವಿರಬೇಕೆಂಬ ವಿಚಾರ ನಿಯಮದೊಳಗೆ ಸೇರಿತು. ಬೆಲೆ ನ್ಯಾಯವಾದುದಾಗಿಯೂ ಲಾಭ ತಾರದಿರಬಹುದು. ಲಾಭ ತಂದೂ ನ್ಯಾಯವಾಗಿರದಿರಬಹುದು. ಆದುದರಿಂದಲೇ ಎರಡೂ ಬೇಕಾದವು. ಇಂಥ ಕಡೆ ಒಂದು ಗುಣವಾಚಕದ ಮೇಲೆ ಸಾವಿರಾರು ಮನೆಗಳ ಒಲೆ ನಿಂತಿರುತ್ತದೆ.

ಪಾಂಡವಪುರದಿಂದ ಶ್ರೀರಂಗಪಟ್ಟಣ ದೂರವಲ್ಲ. ಅಲ್ಲಿಯ ಕೋಟೆಯ ಇತಿಹಾಸವನ್ನು ಬರೆಯುವ ವಿದ್ಯಾರ್ಥಿಗೆ ‘ಸೀಜ್’, ‘ಅಸಾಲ್ಟ್’, ‘ಸ್ಟಾರ್ಮಿಂಗ್’ ಎಂಬ ಮಾತುಗಳು ಎದುರಾಗುತ್ತವೆ. ಮೂರೂ ಯುದ್ಧದ ಮಾತುಗಳೇ ಎಂದು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಇತಿಹಾಸವೇ ತಪ್ಪುತ್ತದೆ. 1799ರ ಏಪ್ರಿಲ್ ತಿಂಗಳಲ್ಲೆಲ್ಲ ನಡೆದದ್ದು ಒಂದು. ಮೇ 4ರ ಮಧ್ಯಾಹ್ನ ಕೆಲವು ಗಂಟೆಗಳಲ್ಲಿ ನಡೆದು ಟೀಪುವಿನ ಮರಣದಲ್ಲಿ ಮುಗಿದದ್ದು ಇನ್ನೊಂದು. ಇಲ್ಲಿಯೂ ಕನ್ನಡವೇ ದಾರಿ ತೋರುತ್ತದೆ: ಮೊದಲನೆಯದು ಮುತ್ತಿಗೆ, ಎರಡನೆಯದು ಲಗ್ಗೆ. ವಿಲ್ಕಿ ಕಾಲಿನ್ಸ್ 1868ರ ತನ್ನ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಪೀಠಿಕೆಗೆ ಹೆಸರಿಡುವಾಗ ‘ಸ್ಟಾರ್ಮಿಂಗ್’ ಎಂಬುದನ್ನೇ ಆರಿಸಿಕೊಂಡ. ಅವನ ಕಥೆಗೆ ಬೇಕಾಗಿದ್ದುದು ಲಗ್ಗೆಯ ದಿನದ ಲೂಟಿ, ಮುತ್ತಿಗೆಯ ವಾರಗಳಲ್ಲ.

ಆದರೆ ಎಲ್ಲ ಕಡೆಯೂ ಕನ್ನಡದಲ್ಲಿ ಎರಡು ಮಾತು ಸಿದ್ಧವಾಗಿರುವುದಿಲ್ಲ. ‘ಶೇಡ್’ ಮತ್ತು ‘ಶ್ಯಾಡೋ’ ಎರಡಕ್ಕೂ ನಮ್ಮಲ್ಲಿ ನೆರಳು. ಅಲ್ಲಿ ಪದವನ್ನು ಬಿಟ್ಟು ವಾಕ್ಯವನ್ನು ಹಿಡಿಯಬೇಕು. ಬೇಸಗೆಯಲ್ಲಿ ಕೃಷ್ಣರಾಜಪೇಟೆಯ ರಸ್ತೆಯ ಹೊಂಗೆಯ ಮರದ ಕೆಳಗೆ ದಾರಿಹೋಕ ಕೂರುವುದು ‘ಶೇಡ್’ನಲ್ಲಿ, ಅವನು ಎದ್ದು ನಡೆದಾಗ ಹಿಂದೆ ಬರುವುದು ‘ಶ್ಯಾಡೋ’. ತಂಪು ಕೊಡುವುದು ಒಂದು, ಆಕಾರ ತೋರುವುದು ಇನ್ನೊಂದು. ನೆರಳೆಂಬ ಒಂದೇ ಮಾತಿನಲ್ಲಿ ಎರಡನ್ನೂ ಇಟ್ಟುಕೊಂಡು ನಾವು ಎಂದೂ ಗೊಂದಲಕ್ಕೆ ಬಿದ್ದವರಲ್ಲ.

ಇದರಿಂದ ಕನ್ನಡ ಬಡವೆಂದು ಯಾರೂ ತಿಳಿಯಬೇಕಾದುದಿಲ್ಲ. ಅದೇ ತಾಲ್ಲೂಕಿನ ಕಿಕ್ಕೇರಿ ‘ಮೈಸೂರು ಮಲ್ಲಿಗೆ’ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಊರು. ಅವರ ಕವಿತೆಯನ್ನು ಇಂಗ್ಲಿಷಿಗೆ ತರಲು ಹೊರಟವನ ಪಾಡನ್ನು ನೆನೆಯಿರಿ. ಒಲವು, ಪ್ರೀತಿ, ಅಕ್ಕರೆ, ಮಮತೆ ಎಂಬ ಮಾತುಗಳ ಮುಂದೆ ಅವನ ಕೈಗೆ ಮೊದಲು ಸಿಗುವುದು ‘ಲವ್’ ಒಂದೇ. ನಮ್ಮ ಹುಡುಗ ಬೆಲೆಯಲ್ಲಿ ಎಡವಿದಂತೆ ಆತ ಒಲವಿನಲ್ಲಿ ಎಡವುತ್ತಾನೆ.

ಎರಡು ಭಾಷೆಗಳನ್ನು ಹೀಗೆ ಎದುರೆದುರು ಕೂರಿಸಿ ಮಾತನಾಡಿಸಿದ ಹಿರಿಯರು ಈ ಸೀಮೆಗೆ ಹೊಸಬರಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ‘ಟ್ರ್ಯಾಜಿಡಿ’ಗೆ ಅವರು ರುದ್ರನಾಟಕವೆಂದರು. ಕೊನೆ ದುಃಖಕರವೆಂಬುದಕ್ಕಿಂತ, ನೋಡುವವನ ಮನಸ್ಸನ್ನು ನಡುಗಿಸುವ ಗಾಂಭೀರ್ಯ ಆ ಹೆಸರಿನಲ್ಲಿ ಮುಂದೆ ಬಂತು. ಇದನ್ನು ಮನಗಂಡ ವಿದ್ಯಾರ್ಥಿ ಪ್ರತಿಯೊಂದು ‘ಆಕ್ಸಿಡೆಂಟ್’ ಅನ್ನೂ ‘ಟ್ರ್ಯಾಜಿಡಿ’ ಎಂದು ಬರೆಯಲು ಒಂದು ಕ್ಷಣ ಹಿಂಜರಿದಾನು. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರುಷ. ಆ ದೀರ್ಘ ಜೀವನದ ಬಹುಪಾಲು ಪದಗಳ ಅರ್ಥವನ್ನು ತೂಗುವುದರಲ್ಲಿಯೇ ಕಳೆಯಿತು. ನಿಘಂಟಿನಲ್ಲಿ ತಪ್ಪಿದೆಯೆಂದಲ್ಲ, ಅದರ ಮೊದಲನೆಯ ಅರ್ಥಕ್ಕೇ ನಿಂತುಬಿಡುವ ನಮ್ಮ ಅವಸರದಲ್ಲಿ ತಪ್ಪಿದೆ. ಕೆಳಗಿನ ಅರ್ಥಗಳನ್ನೂ ಉದಾಹರಣೆಯ ವಾಕ್ಯಗಳನ್ನೂ ಓದುವ ತಾಳ್ಮೆಯೇ ಆಯ್ಕೆಯ ಅರ್ಧ ವಿದ್ಯೆ.

ಉಳಿದರ್ಧಕ್ಕೆ ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಮಕ್ಕಳಿಗೆ ಸಮಾನಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು, ಇದೇ ಸಂಗತಿಯನ್ನು ಮನೆಯಲ್ಲಿ ಹೇಗೆ ಹೇಳುತ್ತೀಯೆ ಎಂದು ಕೇಳಬಾರದೆ? ಮನೆಯ ಮಾತನ್ನು ತರಗತಿಯ ಬಾಗಿಲಲ್ಲೇ ಬಿಟ್ಟುಬರಬೇಕೆಂದು ಕಲಿತ ಮಗು, ಅದರೊಡನೆ ತನ್ನ ವಿವೇಕವನ್ನೂ ಅಲ್ಲಿಯೇ ಬಿಟ್ಟುಬರುತ್ತದೆ.

ಆ ಹುಡುಗನನ್ನು ಕೇಳಿದೆ: “ಹಾಗಾದರೆ ನಿಮ್ಮ ತಂದೆಯವರಿಗೆ ನಿಜವಾಗಿಯೂ ಸಂತೋಷವಾಯಿತೆ?” ಅವನು ತುಸುಹೊತ್ತು ಸುಮ್ಮನಿದ್ದ. “ರೇಟು ಸ್ವಲ್ಪ ಏರಿತು, ಸಾರ್. ಖರ್ಚು ಅದಕ್ಕಿಂತ ಹೆಚ್ಚು ಏರಿತು” ಎಂದ. ಪುಟವನ್ನು ತೆಗೆದುಕೊಂಡು ಹೋಗಿ ಆ ವಾಕ್ಯವನ್ನು ಹೊಡೆದುಹಾಕಿ, ಈಗ ಹೇಳಿದ್ದನ್ನೇ ‘ಪ್ರೈಸ್’, ‘ಕಾಸ್ಟ್’ ಎರಡನ್ನೂ ಬಳಸಿ ಬರೆದು ತಂದ. ತಂದೆಯ ಸಂತೋಷದ ಮಾತು ಅದರಲ್ಲಿರಲಿಲ್ಲ. ನಾನು ತಿದ್ದಬೇಕಾದುದೂ ಏನೂ ಇರಲಿಲ್ಲ.