ಕೇರಿನ್: ಕಾದು ಗೆಲ್ಲುವ ಸೈಕಲ್ ಸ್ಪರ್ಧೆ

ಮುಂಬಯಿಯ ದಾದರ್‌ನಲ್ಲಿ ಶಿವಾಜಿ ಪಾರ್ಕ್ ಮೈದಾನವನ್ನು ಸುತ್ತುವರಿದ ಕಟ್ಟೆಯ ಉದ್ದ ಸುಮಾರು 1.17 ಕಿಲೋಮೀಟರ್. ಅದರ ಮಗ್ಗುಲಲ್ಲಿ ಸೈಕಲ್ ತುಳಿಯುವ ಬಾಲಕನು ಒಂದೂಕಾಲು ಸುತ್ತು ಹಾಕಿದರೆ ಹೆಚ್ಚುಕಡಿಮೆ 'ಕೇರಿನ್' ಸ್ಪರ್ಧೆಯಷ್ಟು, ಅಂದರೆ 1,500 ಮೀಟರ್ ಕ್ರಮಿಸಿದಂತಾಗುತ್ತದೆ. ಆದರೆ ಕೇರಿನ್ ಸ್ಪರ್ಧಿಯು ಈ ದೂರದ ಅರ್ಧದವರೆಗೆ ತನ್ನ ವೇಗವನ್ನು ತಡೆಹಿಡಿದುಕೊಂಡೇ ಸಾಗಬೇಕು.

ಈ ಸ್ಪರ್ಧೆ ಜನ್ಮತಾಳಿದ್ದು 1948ರಲ್ಲಿ, ಜಪಾನಿನ ಕೊಕುರಾ ನಗರದಲ್ಲಿ. ಯುದ್ಧದಿಂದ ಜರ್ಜರಿತವಾಗಿದ್ದ ಸ್ಥಳೀಯ ಆಡಳಿತಗಳಿಗೆ ಪಣದ ಮೂಲಕ ಆದಾಯ ಒದಗಿಸುವುದು ಅದರ ಉದ್ದೇಶವಾಗಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೂ ಇದು ಪದಕಸ್ಪರ್ಧೆಯಾಯಿತು.

250 ಮೀಟರ್ ಪಥದಲ್ಲಿ ಆರು ಸುತ್ತುಗಳು. ಆರೇಳು ಸವಾರರ ಮುಂದೆ ಮೋಟಾರು ಜೋಡಿಸಿದ ಸೈಕಲ್ಲೊಂದು ಗಂಟೆಗೆ 30 ಕಿಲೋಮೀಟರ್ ವೇಗದಿಂದ ಹೊರಟು, ಕ್ರಮೇಣ 50 ಕಿಲೋಮೀಟರ್ ವೇಗಕ್ಕೆ ಏರುತ್ತದೆ. ಅದನ್ನು ಯಾರೂ ಹಿಂದಿಕ್ಕುವಂತಿಲ್ಲ. ಮೂರು ಸುತ್ತು ಉಳಿದಿರುವಾಗ ಅದು ಪಥದಿಂದ ಸರಿಯುತ್ತದೆ. ನಿಜವಾದ ಓಟ ಆರಂಭವಾಗುವುದು ಆಗಲೇ. ಮುಂದಿರುವವನು ಗಾಳಿಯನ್ನು ಸೀಳಬೇಕು. ಬೆನ್ನಿಗೆ ಅಂಟಿ ಬರುವವನಿಗೆ ಆ ಶ್ರಮ ಬಹುಮಟ್ಟಿಗೆ ಉಳಿಯುತ್ತದೆ. ಆದುದರಿಂದ ಮುನ್ನುಗ್ಗುವ ಕ್ಷಣವನ್ನು ಆರಿಸುವುದೇ ಇಲ್ಲಿನ ಮುಖ್ಯ ಕೌಶಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಅಂತಿಮ ಸ್ಪರ್ಧೆಯಲ್ಲಿ ಮುಂಚೂಣಿಯಲ್ಲಿದ್ದ ಬ್ರಿಟನ್ನಿನ ಜೇಸನ್ ಕೆನ್ನಿಯ ಹಿಂದಿದ್ದವರು ಸ್ವಲ್ಪ ಅಂತರ ಬಿಟ್ಟರು. ಕೆನ್ನಿ ಆ ಗಳಿಗೆಯಲ್ಲೇ ಚಿಮ್ಮಿ ಹೊರಟರು. ಮತ್ತೆ ಯಾರ ಕೈಗೂ ಸಿಗಲಿಲ್ಲ. ಇತರರು ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದ ಅರೆಕ್ಷಣದ ಬೆಲೆ ಒಂದು ಸ್ವರ್ಣಪದಕ!

ಕೇರಿನ್ ಸೈಕಲ್ಲಿಗೆ ಬ್ರೇಕ್ ಇಲ್ಲ. ಚಕ್ರ ಉರುಳುವವರೆಗೆ ಪೆಡಲೂ ತಿರುಗುತ್ತಲೇ ಇರುತ್ತದೆ. ತಿರುವುಗಳಲ್ಲಿ ಪಥವು ಗೋಡೆಯಂತೆ ಕಡಿದಾಗಿ ಏಳುತ್ತದೆ. ಹೀಗಾಗಿ ದಾದರ್‌ನ ಜನಸಂದಣಿಯ ರಸ್ತೆಗಳಲ್ಲಿ ಇದರ ಅಭ್ಯಾಸ ಅಸಾಧ್ಯ ಮಾತ್ರವಲ್ಲ, ಅಪಾಯಕರ ಕೂಡ. ಅಲ್ಲಿಯ ತರುಣನು ವೆಲೊಡ್ರೋಮನ್ನು ಕಾಣಲು ಪುಣೆಯ ಬಸ್ಸು ಹಿಡಿದು ಬಾಲೇವಾಡಿಗೆ ಹೋಗಬೇಕು. 1994ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಸ್ಥಳವದು. ಮರದ ಹಲಗೆಯ ಒಳಾಂಗಣ ಪಥ ಬೇಕೆಂದರೆ, 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ನಿರ್ಮಿಸಿದ ವೆಲೊಡ್ರೋಮಿಗೇ ತೆರಳಬೇಕು.

ದೂರ ದೊಡ್ಡದೇ ಸರಿ. ಆದರೂ ಅದಕ್ಕಿಂತ ಬಹು ದೂರದ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಂದ ಬಂದ ಈಸೋ ಆಲ್ಬೆನ್ ದೆಹಲಿಯ ಪಥದಲ್ಲೇ ಪಳಗಿದರು. 2018ರಲ್ಲಿ ಸ್ವಿಟ್ಜರ್ಲೆಂಡಿನ ಏಗ್ಲ್‌ನಲ್ಲಿ ಜರುಗಿದ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನ ಕೇರಿನ್‌ನಲ್ಲಿ ಅವರು ರಜತ ಪದಕ ಪಡೆದರು. ಸ್ವರ್ಣಕ್ಕೂ ಅವರಿಗೂ ನಡುವೆ ಉಳಿದಿದ್ದ ಅಂತರ 0.017 ಸೆಕೆಂಡ್.