ಪ್ರಾಕ್ಸಿ ಸುಸ್ತಾದಾಗ ಎಲ್ಲಿ ನೋಡಬೇಕು?

2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡ ಸುದ್ದಿ ಹಬ್ಬುತ್ತಿದ್ದಂತೆ ಜನ ವಿಕಿಪೀಡಿಯಾದಲ್ಲಿ ಅವರ ಪುಟಕ್ಕೆ ಮುಗಿಬಿದ್ದರು. ವಿಕಿಪೀಡಿಯಾ ತತ್ತರಿಸಿತು.

ಬರೀ ಓದುಗರ ನೂಕುನುಗ್ಗಲಾಗಿದ್ದರೆ ಅದು ತಡೆದುಕೊಳ್ಳುತ್ತಿತ್ತು. ಅಂಥ ತಾಣಗಳ ಮುಂದೆ ಕ್ಯಾಶಿಂಗ್ ರಿವರ್ಸ್ ಪ್ರಾಕ್ಸಿಗಳು ನಿಂತಿರುತ್ತವೆ. ಒಮ್ಮೆ ತಯಾರಾದ ಪುಟದ ಪ್ರತಿಯನ್ನು ಇಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡುವುದು ಅವುಗಳ ಕೆಲಸ. ಆದರೆ ಅಂದು ಪುಟವನ್ನು ತಿದ್ದುವವರೂ ಮುಗಿಬಿದ್ದಿದ್ದರು. ಪ್ರತಿ ತಿದ್ದುಪಡಿಗೂ ಹಳೆಯ ಪ್ರತಿ ರದ್ದು. ಹೊಸದು ತಯಾರಾಗುವಷ್ಟರಲ್ಲಿ ಬಂದ ಕೋರಿಕೆಗಳೆಲ್ಲ ಹಿಂದಿನ ಸರ್ವರ್‌ಗಳಿಗೆ ನುಗ್ಗಿ, ಅದೇ ಉದ್ದನೆಯ ಪುಟವನ್ನು ಅವೆಲ್ಲ ಬೇರೆಬೇರೆಯಾಗಿ ಕಟ್ಟಲು ಕೂತವು. ಇದಕ್ಕೆ ಪರಿಹಾರವಾಗಿ ಬಂದದ್ದು ಪೂಲ್‌ಕೌಂಟರ್: ಒಂದು ಸರ್ವರ್ ಪುಟ ಕಟ್ಟಲಿ, ಉಳಿದವು ಕಾಯಲಿ, ತೀರಾ ತಡವಾದರೆ ಹಳೆಯ ಪ್ರತಿಯೇ ಹೋಗಲಿ.

ಪ್ರಾಕ್ಸಿ ನಿಧಾನ ಎಂಬ ದೂರು ಬಂದೊಡನೆ ಮೆಮೊರಿ ಹೆಚ್ಚಿಸಲು ಹೊರಡುವವರೇ ಜಾಸ್ತಿ. ನನ್ನ ಪ್ರಕಾರ ಮೊದಲು ಎಣಿಸಬೇಕಾದದ್ದು ಮಿಸ್, ಅಂದರೆ ಪ್ರತಿ ಸಿಗದೆ ಹಿಂದಿನ ಸರ್ವರ್‌ವರೆಗೂ ಹೋದ ಕೋರಿಕೆ. ಹಿಟ್ ಪ್ರಮಾಣ, ಅಂದರೆ ಪ್ರಾಕ್ಸಿಯಲ್ಲೇ ಪ್ರತಿ ಸಿಕ್ಕ ಕೋರಿಕೆಗಳ ಪಾಲು, ಶೇ. 99ರಿಂದ 97ಕ್ಕೆ ಇಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ಸರ್ವರ್‌ಗೆ ಮಾತ್ರ ಕೆಲಸ ಮೂರು ಪಟ್ಟಾಗಿರುತ್ತದೆ!

ಮಿಸ್ ಏಕೆ ಹೆಚ್ಚುತ್ತದೆ? ವಾರ್ನಿಶ್ ಎಂಬ ಪ್ರಾಕ್ಸಿಯನ್ನೇ ನೋಡಿ. ನಾರ್ವೆಯ ವಿಜಿ ಪತ್ರಿಕೆಗಾಗಿ ಡೆನ್ಮಾರ್ಕಿನ ಪೌಲ್-ಹೆನಿಂಗ್ ಕಾಂಪ್ ರೂಪಿಸಿದ ಇದು 2006ರಲ್ಲಿ ಹೊರಬಂತು. ಕೋರಿಕೆಯ ಜೊತೆ ಕುಕೀ ಬಂದರೆ, ಇದು ಯಾರದೋ ಖಾಸಗಿ ಪುಟವಿರಬಹುದೆಂದು ವಾರ್ನಿಶ್ ಕ್ಯಾಶ್‌ನ ಗೊಡವೆಗೇ ಹೋಗುವುದಿಲ್ಲ. ಎಚ್ಚರಿಕೆಯೇನೋ ಸರಿ. ಆದರೆ ಓದುಗರನ್ನು ಎಣಿಸಲು ಮಾರ್ಕೆಟಿಂಗ್‌ನವರು ಒಂದು ಕುಕೀ ಸೇರಿಸಿದರೆ ಸಾಕು, ಸರ್ವರ್‌ಗೆ ಅದರಿಂದ ಏನೂ ಆಗಬೇಕಿಲ್ಲದಿದ್ದರೂ ಇಡೀ ಕ್ಯಾಶ್ ನಿರುಪಯೋಗಿ. ಜಾಹೀರಾತಿನ ಕೊಂಡಿಗಳ ಬಾಲದಲ್ಲಿ ಬರುವ ಗುರುತುಗಳದ್ದೂ ಇದೇ ಕಥೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಪ್ರಾಕ್ಸಿಯ ಪಾಲಿಗೆ ಅದು ಬೇರೆ ಪುಟ. ಉತ್ತರದೊಂದಿಗೆ ಬರುವ ಏಜ್ ಎಂಬ ಹೆಡರ್, ಪ್ರತಿಗೆ ಎಷ್ಟು ಸೆಕೆಂಡುಗಳ ವಯಸ್ಸಾಯಿತೆಂದು ಹೇಳುತ್ತದೆ. ಎಷ್ಟು ಸಲ ಕೇಳಿದರೂ ಅಲ್ಲಿ ಸೊನ್ನೆಯೇ ಕಂಡರೆ ಕ್ಯಾಶ್ ಕೆಲಸ ಮಾಡುತ್ತಿಲ್ಲವೆಂದೇ ಅನುಮಾನಿಸಬೇಕು.

ಎಲ್ಲಕ್ಕಿಂತ ತಲೆ ಕೆಡಿಸುವ ದೋಷ ಇನ್ನೊಂದಿದೆ. ಸಿಪಿಯು ಖಾಲಿ, ಮೆಮೊರಿ ಧಾರಾಳ, ಆದರೂ ಪುಟ ತೆರೆಯಲು ಯುಗ. ಒಂದೇ ಪುಟಕ್ಕೆ ಹಲವು ಕೋರಿಕೆ ಬಂದಾಗ ವಾರ್ನಿಶ್ ಕೂಡ ಒಂದನ್ನು ಮಾತ್ರ ಹಿಂದಕ್ಕೆ ಕಳಿಸಿ ಉಳಿದವನ್ನು ನಿಲ್ಲಿಸಿಕೊಳ್ಳುತ್ತದೆ. ಪುಟವನ್ನು ಕ್ಯಾಶ್ ಮಾಡುವುದು ಬೇಡವೆಂದು ಯಾರೋ ಅದರ ಆಯುಷ್ಯವನ್ನು ಸೊನ್ನೆಗಿಟ್ಟಿದ್ದರೆ, ಬಂದ ಉತ್ತರ ಕಾಯುತ್ತಿರುವವರಿಗೆ ದಕ್ಕುವುದಿಲ್ಲ. ಮತ್ತೆ ಒಂದೇ ಕೋರಿಕೆ ಹೊರಡುತ್ತದೆ, ಉಳಿದವು ಮತ್ತೆ ಕಾಯುತ್ತವೆ. ದಟ್ಟಣೆ ತಡೆಯಲು ಇಟ್ಟ ಸರತಿಯೇ ಇಲ್ಲಿ ದಟ್ಟಣೆ. ಆಯುಷ್ಯ ಸೊನ್ನೆ ಮಾಡುವ ಬದಲು, ಈ ಪುಟ ಕ್ಯಾಶ್‌ಗೆ ಸೇರದ್ದೆಂಬ ಗುರುತನ್ನೇ ಒಂದೆರಡು ನಿಮಿಷ ನೆನಪಿಟ್ಟುಕೊಳ್ಳಲು ವಾರ್ನಿಶ್‌ಗೆ ಹೇಳಬೇಕು. ಆಗ ಯಾರನ್ನೂ ತಡೆಯದೆ ಎಲ್ಲರನ್ನೂ ಒಟ್ಟಿಗೇ ಹಿಂದಕ್ಕೆ ಬಿಡುತ್ತದೆ.